ನೀರು ಕಲ್ಲಾಗುವ ನಾಡಿನಲ್ಲಿ

ನಂಜನಗೂಡಿನಲ್ಲಿಯೂ ತಿರುಮಕೂಡಲು ನರಸೀಪುರದಲ್ಲಿಯೂ ಹುಟ್ಟಿ ಬೆಳೆದವರಿಗೆ ನೀರಿನ ಸ್ವಭಾವವನ್ನು ಕುರಿತು ಹೊರಗಿನವರು ಹೇಳಿಕೊಡಬೇಕಾದುದು ಹೆಚ್ಚೇನೂ ಇಲ್ಲ. ಕಪಿಲೆಯು ಬೇಸಗೆಯಲ್ಲಿ ಬಂಡೆಗಳ ನಡುವೆ ಸಣ್ಣಗೆ ಹರಿಯುವುದನ್ನೂ, ಮಳೆಗಾಲದಲ್ಲಿ ಕೆಂಪಾಗಿ ಉಕ್ಕಿ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುವುದನ್ನೂ, ಮುಂದೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವುದನ್ನೂ ನಾವೆಲ್ಲರೂ ಎಳೆತನದಿಂದ ನೋಡಿದ್ದೇವೆ. 2018ನೆಯ ಮತ್ತು 2019ನೆಯ ಇಸವಿಗಳಲ್ಲಿ ನದಿಯು ನಂಜನಗೂಡಿನ ತಗ್ಗುಬೀದಿಗಳಿಗೆ ನುಗ್ಗಿ ಮೈಸೂರಿನ ರಸ್ತೆಯನ್ನು ಮುಳುಗಿಸಿದುದು ಈ ಪುಟಗಳನ್ನು ಓದುವ ಅನೇಕರ ನೆನಪಿನಲ್ಲಿ ಹಸಿಯಾಗಿಯೇ ಇದೆ. ನೀರು ಹೆಚ್ಚಾದರೆ ಏನಾಗುವುದು, ಕಡಮೆಯಾದರೆ ಏನಾಗುವುದು ಎಂಬುದನ್ನು ನಾವು ಬಲ್ಲೆವು. ಆದರೆ ನೀರು ಕಲ್ಲಾದರೆ ಏನಾಗುವುದೆಂಬುದನ್ನು ಮಾತ್ರ ಪಾಠದ ಪುಸ್ತಕದಿಂದ ತಿಳಿದಿದ್ದೆವೇ ಹೊರತು ಕಣ್ಣಾರೆ ಕಂಡಿರಲಿಲ್ಲ. ನಮ್ಮ ಸೀಮೆಯಲ್ಲಿ ಚಳಿಯು ಹತ್ತು ಡಿಗ್ರಿಗಿಂತ ಕೆಳಕ್ಕಿಳಿಯುವುದೇ ಅಪರೂಪ.

ಈ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳು ಈಗ ದಾದಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ಗೃಹಿಣಿಯರಾಗಿಯೂ ಅನೇಕ ಶೀತದೇಶಗಳಲ್ಲಿ ಇದ್ದಾರೆ. ಅವರ ತಾಯಿತಂದೆಯರು ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಿಕೊಳ್ಳುವುದಕ್ಕೆಂದೋ ಆಗಾಗ್ಗೆ ಅಲ್ಲಿಗೆ ಹೋಗಿಬರುತ್ತಾರೆ. ಆದಕಾರಣ ನಮ್ಮ ಕುಟುಂಬದವರು ಅನುಭವಿಸಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿಟ್ಟರೆ ಯಾರಿಗಾದರೂ ಪ್ರಯೋಜನವಾದೀತೆಂಬ ನಂಬಿಕೆಯಿಂದ ಈ ಲೇಖನಕ್ಕೆ ಕೈಹಾಕಿದ್ದೇವೆ.

ನಮ್ಮ ತಂಗಿಯು ಇದೇ ಶಾಲೆಯ ಹಳೆಯ ವಿದ್ಯಾರ್ಥಿನಿ. ಈಗ ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ, ಡಲ್ಲಾಸ್ ನಗರದ ಸಮೀಪದಲ್ಲಿ, ದಾದಿಯ ಕೆಲಸದಲ್ಲಿದ್ದಾಳೆ. ಅವಳಿಗೂ ಅವಳ ಯಜಮಾನರಿಗೂ ಇಬ್ಬರು ಗಂಡುಮಕ್ಕಳಿಗೂ ತಿರುಗಾಟದಲ್ಲಿ ಬಹು ಆಸಕ್ತಿ. ಅದಕ್ಕಾಗಿ ಅವರು ಒಂದು ಮೋಟಾರು ಮನೆಯನ್ನು ಇಟ್ಟುಕೊಂಡಿದ್ದಾರೆ. ಬಸ್ಸಿನಷ್ಟು ದೊಡ್ಡದಾದ ಆ ಗಾಡಿಯೊಳಗೆ ಅಡುಗೆಯ ಕಟ್ಟೆ, ಮಂಚಗಳು, ಸ್ನಾನದ ಮನೆ, ಕಕ್ಕಸು ಎಲ್ಲವೂ ಉಂಟು. ನೆಲದ ಕೆಳಗೆ ಸಿಹಿನೀರಿನ ತೊಟ್ಟಿಯೊಂದು, ಪಾತ್ರೆ ತೊಳೆದ ಮತ್ತು ಮಿಂದ ನೀರಿಗೆ ಒಂದು ತೊಟ್ಟಿ, ಕಕ್ಕಸಿನ ನೀರಿಗೆ ಒಂದು ತೊಟ್ಟಿ. ಇವಲ್ಲದೆ ಒಂದು ಸಣ್ಣ ಪಂಪು, ಬಿಸಿನೀರಿನ ಹಂಡೆ, ಗೋಡೆಯ ಒಳಬದಿಯಲ್ಲಿ ಹರಿದಾಡುವ ಕಿರಿದಾದ ಕೊಳಾಯಿಗಳು. ಮನೆಯ ಕೊಳಾಯಿಗಳು ಗೋಡೆಯ ದಪ್ಪದಲ್ಲಿಯೂ ಮಣ್ಣಿನ ಆಳದಲ್ಲಿಯೂ ಅಡಗಿರುತ್ತವೆ. ಗಾಡಿಯ ಕೊಳಾಯಿಗಳಿಗಾದರೋ ಚಳಿಗೂ ತಮಗೂ ನಡುವೆ ಬೆರಳೆರಡರ ದಪ್ಪದ ತಗಡುಗೋಡೆಯಲ್ಲದೆ ಬೇರೆ ರಕ್ಷಣೆಯಿಲ್ಲ.

ಇಲ್ಲಿ ವಿಜ್ಞಾನದ ಪಾಠವೊಂದನ್ನು ಹಳೆಯ ವಿದ್ಯಾರ್ಥಿನಿಯರಿಗೆ ನೆನಪುಮಾಡಿಕೊಡುವುದು ಅವಶ್ಯ. ನೀರು ತಣ್ಣಗಾಗುತ್ತಾ ಇತರ ದ್ರವಗಳಂತೆಯೇ ಕುಗ್ಗುತ್ತಾ ಬರುವುದು. ಆದರೆ 4 ಡಿಗ್ರಿ ಸೆಂಟಿಗ್ರೇಡಿಗೆ ಇಳಿದ ಮೇಲೆ ತನ್ನ ನಡತೆಯನ್ನು ಬದಲಾಯಿಸಿ ಹಿಗ್ಗತೊಡಗುವುದು. ಸೊನ್ನೆಯಲ್ಲಿ ಗಡ್ಡೆಕಟ್ಟುವಾಗ ಅದರ ಗಾತ್ರವು ನೂರಕ್ಕೆ ಸುಮಾರು ಒಂಬತ್ತು ಪಾಲು ಹೆಚ್ಚುವುದು. ಕೊಳಾಯಿಯೊಳಗೆ ಹೀಗಾದರೆ ಗಡ್ಡೆಯೇ ಕೊಳಾಯಿಯನ್ನು ಒತ್ತಿ ಸೀಳುವುದೆಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಅನೇಕ ವೇಳೆ ನಡೆಯುವುದು ಬೇರೆ. ಗಡ್ಡೆಯು ಮೊದಲು ಒಂದು ಬಿರಡೆಯಂತೆ ದಾರಿಯನ್ನು ಮುಚ್ಚುವುದು. ಆ ಬಿರಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿದ ನೀರು ಎತ್ತ ಹೋಗಲೂ ಎಡೆಯಿಲ್ಲದೆ ನಲುಗುವುದು. ಬಿರಡೆ ಬೆಳೆದಂತೆಲ್ಲಾ ಆ ನೀರಿನ ಒತ್ತಡ ಏರುವುದು. ಕಡೆಗೆ ಎಲ್ಲಿ ಕೊಳಾಯಿ ಬಲಹೀನವೋ ಅಲ್ಲಿ ಸಿಡಿಯುವುದು. ಆದ್ದರಿಂದಲೇ ಚಳಿಯ ರಾತ್ರಿಯಲ್ಲಿ ನಲ್ಲಿಯಿಂದ ಸಣ್ಣಗೆ ನೀರು ತೊಟ್ಟಿಕ್ಕುವಂತೆ ಬಿಡಬೇಕೆಂದು ಅಲ್ಲಿಯವರು ಹೇಳುವುದು. ತೊಟ್ಟಿಕ್ಕುವ ನೀರು ಗಡ್ಡೆಯಾಗುವುದನ್ನು ಎಲ್ಲಾ ವೇಳೆಯಲ್ಲಿಯೂ ತಡೆಯಲಾರದು. ಆದರೆ ಒತ್ತಡಕ್ಕೆ ಒಂದು ಬಾಗಿಲನ್ನು ತೆರೆದಿಡುವುದು.

ಇನ್ನು 2021ನೆಯ ಇಸವಿ ಫೆಬ್ರವರಿ ತಿಂಗಳ ವಿಷಯ. ನಮ್ಮ ತಾಯಿಯವರು ನರಸೀಪುರದವರು. ತಂದೆಯವರು ತೀರಿಕೊಂಡ ಮೇಲೆ, 2020ರ ಆರಂಭದಲ್ಲಿ, ಮನಸ್ಸಿಗೆ ಸ್ವಲ್ಪ ಸಮಾಧಾನವಾಗಲೆಂದು ಅವರನ್ನು ತಂಗಿಯ ಬಳಿಗೆ ಕಳುಹಿಸಿಕೊಟ್ಟಿದ್ದೆವು. ಅಷ್ಟರಲ್ಲಿ ಕೊರೋನಾ ವ್ಯಾಧಿಯು ಹಬ್ಬಿ ವಿಮಾನಗಳು ನಿಂತುಹೋದವು. ಆರು ತಿಂಗಳಿಗೆಂದು ಹೋದವರು ಅಲ್ಲಿಯೇ ಉಳಿಯಬೇಕಾಯಿತು. ಆಗ ಅವರಿಗೆ ಎಪ್ಪತ್ತನಾಲ್ಕು ವರ್ಷ. ಉಬ್ಬಸದ ಉಪದ್ರವವೂ ಇದ್ದಿತು.

ಟೆಕ್ಸಾಸ್ ಉಷ್ಣಸೀಮೆಯೆಂದು ಹೆಸರಾದದ್ದು. ಅಲ್ಲಿ ಮನೆ ಕಟ್ಟುವವರು ಚಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕೊಳಾಯಿಗಳನ್ನು ಹೊರಗೋಡೆಗಳಲ್ಲಿಯೂ ಅಟ್ಟದ ಮೇಲೆಯೂ ಹಾಯಿಸುವುದುಂಟು. ಆ ವರ್ಷ ಉತ್ತರಧ್ರುವದ ಕಡೆಯಿಂದ ಇಳಿದುಬಂದ ಶೀತವಾಯುವು ವಾರವೆಲ್ಲಾ ಅಲ್ಲಿ ನಿಂತಿತು. ಫೆಬ್ರವರಿ 15ನೆಯ ತಾರೀಖು ಬೆಳಗಿನ ಜಾವ ವಿದ್ಯುಚ್ಛಕ್ತಿಯನ್ನು ಕಡಿತಮಾಡತೊಡಗಿದರು. ವಿದ್ಯುತ್ತನ್ನು ಉತ್ಪಾದಿಸುವ ಯಂತ್ರಗಳೂ ಅವುಗಳಿಗೆ ಅನಿಲವನ್ನು ಒದಗಿಸುವ ಬಾವಿಗಳೂ ಚಳಿಗೆ ಸ್ತಂಭಿಸಿದ್ದುವು. ಆ ಸಂಸ್ಥಾನದ ವಿದ್ಯುಜ್ಜಾಲಕ್ಕೆ ನೆರೆಯ ಸಂಸ್ಥಾನಗಳೊಡನೆ ಸಂಬಂಧ ಬಹು ಅಲ್ಪವಾದುದರಿಂದ ಹೊರಗಿನಿಂದಲೂ ಸಾಕಷ್ಟು ಸಹಾಯ ದೊರೆಯಲಿಲ್ಲ. ನಲವತ್ತೈದು ಲಕ್ಷಕ್ಕಿಂತ ಹೆಚ್ಚು ಮನೆಗಳು ಕತ್ತಲಾದುವು. 16ನೆಯ ತಾರೀಖು ಡಲ್ಲಾಸಿನಲ್ಲಿ ಉಷ್ಣಮಾನವು ಸೊನ್ನೆಗಿಂತ 19 ಡಿಗ್ರಿ ಕೆಳಗಿಳಿಯಿತು. ಆ ವಿಪತ್ತಿನಲ್ಲಿ 246 ಮಂದಿ ಪ್ರಾಣ ಕಳೆದುಕೊಂಡರೆಂದು ಅಲ್ಲಿಯ ಸರ್ಕಾರವೇ ಆಮೇಲೆ ಲೆಕ್ಕ ಕೊಟ್ಟಿತು.

ನಮ್ಮ ತಂಗಿಯ ಮನೆಯಲ್ಲಿ ಒಲೆಯೂ ಕಾಯಿಸುವ ಯಂತ್ರವೂ ವಿದ್ಯುತ್ತಿನವೇ. ಆದರೆ ಚಳಿ ಬರುವುದೆಂಬ ಮುನ್ಸೂಚನೆಯನ್ನು ಓದಿ, ಶನಿವಾರದಂದೇ ಅವಳೂ ಅವಳ ಯಜಮಾನರೂ ಮೂರು ಕೆಲಸಗಳನ್ನು ಮಾಡಿಟ್ಟಿದ್ದರು. ಮೋಟಾರು ಮನೆಯ ಸಿಹಿನೀರಿನ ತೊಟ್ಟಿಯನ್ನು ಬಾಯಿಮಟ್ಟ ತುಂಬಿಸಿ ಹೊರಗಿನ ನೀರಿನ ಕೊಳವೆಯನ್ನು ಕಳಚಿ ಒಳಗಿಟ್ಟರು. ಪ್ರೊಪೇನ್ ಅನಿಲವನ್ನು ತುಂಬಿಸಿ ತಂದರು. ಬ್ಯಾಟರಿಗಳಿಗೆ ವಿದ್ಯುತ್ತನ್ನು ಪೂರ್ತಿ ತುಂಬಿಸಿದರು. ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿ ಪ್ರೊಪೇನಿನೊಡನೆ ಬ್ಯೂಟೇನ್ ಅನಿಲವೂ ಬೆರೆತಿರುತ್ತದೆ. ಬ್ಯೂಟೇನು ಸೊನ್ನೆ ಡಿಗ್ರಿಯ ಹತ್ತಿರದಲ್ಲಿಯೇ ಆವಿಯಾಗುವುದನ್ನು ನಿಲ್ಲಿಸುವುದು. ಬರಿಯ ಪ್ರೊಪೇನಾದರೋ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗಬಲ್ಲದು. ಶೀತದೇಶಗಳಲ್ಲಿ ಅದನ್ನೇ ಆರಿಸಿಕೊಳ್ಳುವುದಕ್ಕೆ ಇದು ಕಾರಣ.

ವಿದ್ಯುತ್ತು ಹೋಗಿ ಮನೆಯೊಳಗೆ ಚಳಿ ಏರುತ್ತಾ ಬಂದಾಗ ತಂಗಿಯು ಒಂದು ನಿಶ್ಚಯ ಮಾಡಿದಳು: ಯಾವುದನ್ನು ಬೆಚ್ಚಗಿಡಲಾಗದೋ ಅದನ್ನು ಬರಿದುಮಾಡಬೇಕು. ಮನೆಯ ಬಿಸಿನೀರಿನ ಹಂಡೆಯ ವಿದ್ಯುತ್ತಿನ ಗುಂಡಿಯನ್ನು ಮೊದಲು ಆರಿಸಿ, ಬೀದಿಯಿಂದ ಬರುವ ನೀರನ್ನು ಮುಖ್ಯ ತಿರುಪಿನಲ್ಲಿ ನಿಲ್ಲಿಸಿ, ಮನೆಯ ಎಲ್ಲಾ ನಲ್ಲಿಗಳನ್ನೂ ಎಲ್ಲಕ್ಕಿಂತ ತಗ್ಗಿನಲ್ಲಿರುವ ಹೊರನಲ್ಲಿಯನ್ನೂ ತೆರೆದು ಕೊಳಾಯಿಗಳನ್ನು ಖಾಲಿಮಾಡಿದರು. ಆಮೇಲೆ ಐದು ಜನವೂ ಮೋಟಾರು ಮನೆಗೆ ಹೋಗಿ ಸೇರಿದರು. ಅಲ್ಲಿಯ ಕುಲುಮೆಯು ಪ್ರೊಪೇನಿನಿಂದ ಉರಿಯುವುದು. ಅದರ ಬಿಸಿಗಾಳಿಯು ಕೋಣೆಗೆ ಮಾತ್ರವಲ್ಲದೆ ನೆಲದ ಕೆಳಗಿನ ತೊಟ್ಟಿಗಳಿಗೂ ಹೋಗುವಂತೆ ಕೊಳವೆಗಳುಂಟು. ಅದರ ಬೀಸಣಿಗೆಗೆ ಬ್ಯಾಟರಿಯ ವಿದ್ಯುತ್ತು ಬೇಕು. ಬ್ಯಾಟರಿಯು ಚಳಿಯಲ್ಲಿ ಬೇಗನೆ ಸೋಲುವುದರಿಂದ ದಿನಕ್ಕೆ ಕೆಲವು ಗಂಟೆಗಳ ಕಾಲ ಜನರೇಟರನ್ನು ಗಾಡಿಯಿಂದ ದೂರದಲ್ಲಿಟ್ಟು ನಡೆಸುತ್ತಿದ್ದರು.

ಎರಡನೆಯ ರಾತ್ರಿ ತಾಯಿಯವರಿಗೆ ಉಬ್ಬಸ ಹೆಚ್ಚಿತು. ಕೈಕಾಲು ತಣ್ಣಗಾಗಿ ನಿದ್ರೆ ಬರಲಿಲ್ಲ. ಮನೆಯ ಹಿತ್ತಲಿನಲ್ಲಿ ಮಾಂಸ ಸುಡುವ ಇದ್ದಿಲಿನ ಒಲೆಯೊಂದು ಇದ್ದಿತು. "ಅದರಲ್ಲಿ ಎರಡು ಹಿಡಿ ಕೆಂಡ ಮಾಡಿ ಒಳಗೆ ತಂದಿಡಮ್ಮಾ, ನಮ್ಮೂರಿನಲ್ಲಿ ಬಾಣಂತಿಯ ಕೋಣೆಗೆ ಅಗ್ಗಿಷ್ಟಿಕೆ ಇಡುತ್ತಿರಲಿಲ್ಲವೇ?" ಎಂದು ತಾಯಿಯವರು ಕೇಳಿದರು. "ನೀವು ಏನು ಕೇಳಿದರೂ ಕೊಡುತ್ತೇನಮ್ಮ, ಅದೊಂದನ್ನು ಮಾತ್ರ ಕೇಳಬೇಡಿ. ಹಂಚಿನ ಮನೆಯ ಸಂದಿನಲ್ಲಿ ಗಾಳಿಯಾಡುತ್ತಿತ್ತು, ಇಲ್ಲಿ ಆಡುವುದಿಲ್ಲ" ಎಂದು ತಂಗಿಯು ತನ್ನ ಹೊದಿಕೆಯನ್ನೂ ತೆಗೆದು ಅವರಿಗೆ ಹೊದಿಸಿ, ಬಿಸಿನೀರು ತುಂಬಿದ ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ಪಾದಗಳ ಬಳಿಯಿಟ್ಟು, ಬೆಳಗಾಗುವವರೆಗೂ ಎಚ್ಚರವಾಗಿ ಕುಳಿತಿದ್ದಳು.

ಆ ವಾರ ಟೆಕ್ಸಾಸಿನಲ್ಲಿ ಅನೇಕರು ಇದ್ದಿಲಿನ ಒಲೆಯನ್ನು ಒಳಕ್ಕೆ ತಂದು, ಅಥವಾ ಮುಚ್ಚಿದ ಗ್ಯಾರೇಜಿನಲ್ಲಿ ಮೋಟಾರನ್ನು ನಡೆಸಿ ಮೈ ಕಾಯಿಸಿಕೊಳ್ಳಲು ಹೋಗಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿಗೆ ತುತ್ತಾದರು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬಂದು ನಿದ್ರೆಯಲ್ಲಿಯೇ ಪ್ರಾಣ ಹೋಗುವುದು. ಗಾಡಿಯೊಳಗೆ ಆ ವಾಯುವನ್ನು ಕಂಡುಹಿಡಿದು ಕೂಗುವ ಯಂತ್ರವೊಂದನ್ನು ಗೋಡೆಗೆ ಹಾಕಿದ್ದರು. ಅದರ ಹಸುರು ದೀಪವು ಉರಿಯುತ್ತಿದೆಯೇ ಎಂದು ತಂಗಿಯು ಆ ರಾತ್ರಿ ಎಷ್ಟು ಸಾರಿ ನೋಡಿದಳೋ ಅವಳಿಗೇ ಲೆಕ್ಕವಿಲ್ಲ. ನಮ್ಮ ಕೊಡಗಿಗೂ ನೀಲಗಿರಿಗೂ ಚಳಿಗಾಲದಲ್ಲಿ ಪ್ರವಾಸ ಹೋಗುವವರು ಇದೊಂದು ಮಾತನ್ನಾದರೂ ಮನಸ್ಸಿನಲ್ಲಿಡತಕ್ಕದ್ದು: ಮುಚ್ಚಿದ ಕೋಣೆಯಲ್ಲಾಗಲಿ ಡೇರೆಯಲ್ಲಾಗಲಿ ಕೆಂಡವನ್ನಿಟ್ಟು ಮಲಗಲೇಕೂಡದು.

ನಂಜನಗೂಡಿನಲ್ಲಿ ನಾವಾದರೋ ಆ ದಿನಗಳಲ್ಲಿ ದೂರವಾಣಿಯ ಕರೆಗಾಗಿ ಕಾಯುವುದನ್ನು ಬಿಟ್ಟು ಬೇರೇನೂ ಮಾಡಲಾಗದ ಸ್ಥಿತಿಯಲ್ಲಿದ್ದೆವು. ದಿನಕ್ಕೆ ಒಂದೇ ಸಾರಿ, ಎರಡೇ ಮಾತು: "ಅಮ್ಮ ಚೆನ್ನಾಗಿದ್ದಾರೆ. ನೀರು ಇದೆ." ಈ ಎರಡು ವಾಕ್ಯಗಳ ಬೆಲೆಯನ್ನು ನಾವು ಆ ವಾರದಲ್ಲಿ ಅರಿತೆವು.

ಚಳಿ ಇಳಿದ ಮೇಲೆ ನಿಜವಾದ ನಷ್ಟ ಹೊರಬಿದ್ದಿತು. ಗಡ್ಡೆಯು ಇರುವವರೆಗೆ ಅದೇ ಬಿರಡೆಯಾಗಿ ಸೀಳನ್ನು ಮುಚ್ಚಿರುವುದು. ಕರಗಿದ ಕೂಡಲೇ ನೀರು ಧುಮುಕುವುದು. ನೆರೆಯವರ ಮನೆಗಳಲ್ಲಿ ಅಟ್ಟದ ಹಲಗೆಗಳು ನೆನೆದು ಕುಸಿದುವು. ನೀರಿನ ಕಾರ್ಖಾನೆಗಳೂ ನಿಂತಿದ್ದುದರಿಂದ ಒಂದು ಕೋಟಿ ನಲವತ್ತು ಲಕ್ಷಕ್ಕೂ ಹೆಚ್ಚು ಜನರು ನೀರನ್ನು ಕುದಿಸಿಯೇ ಕುಡಿಯಬೇಕೆಂದು ಅಪ್ಪಣೆಯಾಯಿತು. ನಮ್ಮ ತಂಗಿಯ ಮನೆಯಲ್ಲಿ ಒಂದು ಕೊಳಾಯಿಯೂ ಒಡೆಯಲಿಲ್ಲ. ಗಾಡಿಯ ತೊಟ್ಟಿಯ ನೀರಿನಲ್ಲಿ ಪಕ್ಕದ ಮನೆಯ ಹಸುಗೂಸಿಗೂ ಪಾಲು ದೊರೆಯಿತು. ಕಕ್ಕಸಿಗೆ ಬೇಕಾದ ನೀರಿಗೆ ತಾಯಿಯವರು ಹಿಮವನ್ನು ಕರಗಿಸಲು ಹೊರಟು, ದೊಡ್ಡ ಪಾತ್ರೆಯ ತುಂಬಾ ಹಿಮವು ಕರಗಿ ತಳದಲ್ಲಿ ನಾಲ್ಕು ಲೋಟ ನೀರಾದುದನ್ನು ಕಂಡು ಬೆರಗಾದರಂತೆ.

ತಾಯಿಯವರು ಆ ವರ್ಷವೇ ಊರಿಗೆ ಬಂದರು. 2022ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ರಜೆಗೆ ಇನ್ನೂ ಕೆಲವು ದಿನಗಳನ್ನು ಸೇರಿಸಿಕೊಂಡು, ಅವರನ್ನು ಕರೆದುಕೊಂಡು ನಾವೂ ಹೊರಟೆವು. ಮೋಟಾರು ಮನೆಯಲ್ಲಿ ದಕ್ಷಿಣದ ಗುಡ್ಡಸೀಮೆಗೆ ಹೋಗಿ ತಂಗಿದ್ದಾಗ, 22ನೆಯ ತಾರೀಖಿನಂದು ಮತ್ತೆ ಶೀತವಾಯು ಬೀಸಿತು. ಬೆಳಿಗ್ಗೆ ತೆಳುವಾದ ಸ್ವೆಟರಿನಲ್ಲಿ ತಿರುಗಾಡಿದ್ದ ನಾವು ರಾತ್ರಿಯ ಹೊತ್ತಿಗೆ ಸೊನ್ನೆಗಿಂತ ಸುಮಾರು ಹತ್ತು ಡಿಗ್ರಿ ಕೆಳಗಿನ ಚಳಿಯಲ್ಲಿದ್ದೆವು.

ಪುಸ್ತಕದಲ್ಲಿ ಓದಿದುದನ್ನು ಆ ಸಂಜೆ ಕೈಯಿಂದ ಮಾಡಿ ಕಲಿತೆವು. ತಂಗುದಾಣದ ನಲ್ಲಿಗೆ ಜೋಡಿಸಿದ್ದ ಕೊಳವೆಯನ್ನು ಕಳಚಿ, ಒಳಗಿನ ನೀರನ್ನು ಸುರಿದು, ಸುತ್ತಿಟ್ಟೆವು. ಇನ್ನು ಮುಂದೆ ತೊಟ್ಟಿಯ ನೀರನ್ನು ಪಂಪಿನಿಂದ ಎತ್ತಿ ಬಳಸುವುದು. ಕೊಳಕು ನೀರಿನ ತೊಟ್ಟಿಗಳ ತಿರುಪುಗಳನ್ನು ಮುಚ್ಚಿದೆವು. ಅವನ್ನು ತೆರೆದಿಟ್ಟರೆ ಹೊರಗೆ ಸಣ್ಣಗೆ ಸೋರುವ ನೀರು ಕೊಳವೆಯೊಳಗೆ ಪದರಪದರವಾಗಿ ಗಟ್ಟಿಯಾಗಿ ದಾರಿಯನ್ನೇ ಮುಚ್ಚುವುದು. ವಿದ್ಯುತ್ತಿನ ಸಣ್ಣ ಕಾವಲಿಯೊಂದಿದ್ದರೂ ತಂಗಿಯು ಅದನ್ನೇ ನೆಚ್ಚದೆ ಕುಲುಮೆಯನ್ನು ಹೊತ್ತಿಸಿದಳು. ಕಾವಲಿಯು ಕೋಣೆಯನ್ನು ಬೆಚ್ಚಗೆ ಮಾಡುವುದು, ನೆಲದ ಕೆಳಗಿನ ತೊಟ್ಟಿಗೆ ಅದರ ಶಾಖ ತಲಪದು. ಮನುಷ್ಯರು ಬೆಚ್ಚಗಿದ್ದು ನೀರು ಕಲ್ಲಾಗುವುದು ಹೀಗೆಯೇ. ಕೊನೆಯದಾಗಿ, ಪಾತ್ರೆ ತೊಳೆಯುವ ತೊಟ್ಟಿಯ ಕೆಳಗಿನ ಬೀರುವಿನ ಬಾಗಿಲುಗಳನ್ನು ತೆರೆದಿಟ್ಟೆವು. ಕೊಳಾಯಿಗಳು ಇರುವ ಆ ಮೂಲೆಗೆ ಕೋಣೆಯ ಬಿಸಿ ಹೋಗಬೇಕು.

ಬೆಳಿಗ್ಗೆ ಅಡುಗೆಯ ನಲ್ಲಿಯಲ್ಲಿ ನೀರು ಬರಲಿಲ್ಲ. ನೋಡಿದರೆ ಬೀರುವಿನ ಬಾಗಿಲು ಮುಚ್ಚಿದ್ದಿತು. ಕಿರಿಯ ಹುಡುಗನು ರಾತ್ರಿ ನೀರು ಕುಡಿಯಲು ಎದ್ದವನು, ಬಾಗಿಲು ತೆರೆದಿಡುವುದು ಒಪ್ಪವಲ್ಲವೆಂದು ಅಜ್ಜಿಯವರು ಕಲಿಸಿದ್ದ ಮಾತನ್ನು ನೆನೆದು ಮುಚ್ಚಿ ಮಲಗಿದ್ದನು! ಯಾರೂ ಅವನನ್ನು ಗದರಲಿಲ್ಲ. ನಲ್ಲಿಯನ್ನು ತೆರೆದಿಟ್ಟು, ಕೂದಲೊಣಗಿಸುವ ಯಂತ್ರದ ಬಿಸಿಗಾಳಿಯನ್ನು ನಲ್ಲಿಯ ಕಡೆಯಿಂದ ಆರಂಭಿಸಿ ಮೆಲ್ಲಮೆಲ್ಲನೆ ಹಿಂದಕ್ಕೆ ಸಾಗಿಸುತ್ತಾ ಹೋದೆವು. ಹೀಗೆ ಮಾಡಿದರೆ ಕರಗಿದ ನೀರಿಗೆ ಹೊರಹೋಗಲು ದಾರಿಯಿರುವುದು. ಬೆಂಕಿಯನ್ನು ಹಿಡಿಯತಕ್ಕದ್ದಲ್ಲ. ಮುಕ್ಕಾಲು ಗಂಟೆಯ ಮೇಲೆ ನಲ್ಲಿಯು ಒಂದೆರಡು ಸಾರಿ ಕೆಮ್ಮಿ ನೀರು ಕೊಟ್ಟಿತು. ಕೊಳಾಯಿಯು ಬಗ್ಗುವ ಪ್ಲಾಸ್ಟಿಕ್ಕಿನದಾದುದರಿಂದ ಸೀಳಲಿಲ್ಲ.

ಅಂದು ಮಧ್ಯಾಹ್ನ ತಾಯಿಯವರು ಕಾಗದ ಪೆನ್ನು ಕೇಳಿ ತೆಗೆದುಕೊಂಡು, ನರಸೀಪುರದ ಶಾಲೆಯಲ್ಲಿ ಕಲಿತ ದುಂಡಾದ ಅಕ್ಷರಗಳಲ್ಲಿ ಹೀಗೆ ಬರೆದು ಬೀರುವಿಗೆ ಅಂಟಿಸಿದರು:

"ಹೊರಗಿನ ಕೊಳವೆ ಕಳಚು. ಒಳಗಿನ ತೊಟ್ಟಿ ತುಂಬು. ಕೊಳಕು ನೀರಿನ ತಿರುಪು ಮುಚ್ಚು. ಕುಲುಮೆ ಉರಿಯಲಿ. ಬೀರುವಿನ ಬಾಗಿಲು ತೆರೆದಿರಲಿ. ಹಸುರು ದೀಪ ನೋಡು. ಕೆಂಡ ಬೇಡ."

ಹುಡುಗರಿಬ್ಬರಿಗೂ ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಓದಲು ಬರುತ್ತಿರಲಿಲ್ಲ. ಇದನ್ನು ಕುರಿತು ತಾಯಿಯವರಿಗೆ ಒಳಗೊಳಗೇ ಬಹಳ ವ್ಯಸನವಿದ್ದಿತು. ಒಂದೆರಡು ಸಲ ಅಕ್ಷರಮಾಲೆಯನ್ನು ಕಲಿಸಲು ಯತ್ನಿಸಿ ಸೋತಿದ್ದರು. ಆದರೆ ಈ ಏಳು ಸಾಲುಗಳು ಹುಡುಗರಿಗೆ ಬೇಕಾದ ಸಾಲುಗಳಾಗಿದ್ದುವು. ಸಂಜೆಯಾಗುತ್ತಲೂ ಹಿರಿಯನು ಬೀರುವಿನ ಮುಂದೆ ನಿಂತು, "ಅಜ್ಜಿ, ಇದು 'ಕ'ವೇ? ಕೆಂಡದ 'ಕೆ' ಬೇರೆಯೇ?" ಎಂದು ಕೇಳುವನು, ಕಿರಿಯನು ತಿರುಪನ್ನು ಮುಚ್ಚಿ ಓಡಿಬಂದು ಮೂರನೆಯ ಸಾಲಿನ ಮೇಲೆ ಬೆರಳಿಡುವನು. ಇಪ್ಪತ್ತೈದು ವರ್ಷ ಪಾಠ ಹೇಳಿರುವ ನಾವು ಮಕ್ಕಳು ಓದು ಕಲಿಯುವ ಬಗೆಯನ್ನು ಕುರಿತು ಬಹಳ ಪುಸ್ತಕಗಳನ್ನು ನೋಡಿದ್ದೇವೆ. ಇಂಥ ಪಾಠವನ್ನು ಮಾತ್ರ ಅಲ್ಲಿಯೇ ನೋಡಿದುದು.

ನಾವು ಊರಿಗೆ ಹೊರಡುವ ಮುನ್ನ ಗಾಡಿಯನ್ನು ಚಳಿಗಾಲದ ಉಳಿದ ದಿನಗಳಿಗಾಗಿ ನಿಲ್ಲಿಸಬೇಕಾಯಿತು. ಆ ಕ್ರಮವನ್ನೂ ಬರೆಯುತ್ತೇವೆ. ಹಂಡೆಯನ್ನು ಆರಿಸಿ, ನೀರು ಪೂರ್ತಿ ತಣ್ಣಗಾದ ಮೇಲೆ ಅದರ ಒತ್ತಡವನ್ನು ಬಿಟ್ಟು ಬರಿದುಮಾಡಬೇಕು. ಸಿಹಿನೀರಿನ ತೊಟ್ಟಿಯನ್ನೂ ಕೊಳಾಯಿಗಳ ತಗ್ಗಿನ ಬಿರಡೆಗಳನ್ನೂ ತೆರೆದು ನೀರನ್ನು ಹರಿಯಬಿಡಬೇಕು. ಕೊಳಕು ತೊಟ್ಟಿಗಳನ್ನು ಅದಕ್ಕೆಂದು ಇರುವ ಸ್ಥಳದಲ್ಲಿ ಖಾಲಿಮಾಡಿ ತೊಳೆಯಬೇಕು. ಎಷ್ಟು ಹರಿಯಬಿಟ್ಟರೂ ಡೊಂಕುಗಳಲ್ಲಿ ನೀರು ನಿಂತೇ ಇರುವುದು. ಆದುದರಿಂದ ಪ್ರೊಪಿಲೀನ್ ಗ್ಲೈಕಾಲ್ ಸೇರಿದ ಗುಲಾಬಿ ಬಣ್ಣದ ದ್ರವವನ್ನು ಪಂಪಿನಿಂದ ಎಳೆದು, ತಣ್ಣೀರು ಬಿಸಿನೀರಿನ ಪ್ರತಿಯೊಂದು ನಲ್ಲಿಯಲ್ಲಿಯೂ ಗುಲಾಬಿ ಬಣ್ಣ ಕಾಣುವವರೆಗೆ ಹರಿಸಬೇಕು. ಹಂಡೆಗೆ ಅದು ಹೋಗದಂತೆ ಅಡ್ಡದಾರಿಯ ತಿರುಪನ್ನು ಮೊದಲೇ ತಿರುಗಿಸಿಡಬೇಕು. ಇಲ್ಲವಾದರೆ ಹಂಡೆ ತುಂಬಲು ಇಪ್ಪತ್ತಕ್ಕೂ ಹೆಚ್ಚು ಲೀಟರು ವ್ಯರ್ಥವಾಗುವುದು. ಬಚ್ಚಲಿನ ಪ್ರತಿಯೊಂದು ಬಾಯಿಗೂ ಒಂದು ಲೋಟದಷ್ಟು ಸುರಿಯಬೇಕು. ಮೋಟಾರಿನ ಇಂಜಿನಿಗೆ ಹಾಕುವ ಎಥಿಲೀನ್ ಗ್ಲೈಕಾಲನ್ನು ಇದಕ್ಕೆ ಬಳಸಲೇಕೂಡದು. ಅದು ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ಮಕ್ಕಳೂ ಸಾಕುಪ್ರಾಣಿಗಳೂ ಮೋಸಹೋಗುವುದುಂಟು. ವಸಂತದಲ್ಲಿ ಶುದ್ಧವಾದ ನೀರಿನಿಂದ ಚೆನ್ನಾಗಿ ತೊಳೆದ ಮೇಲೆಯೇ ಕುಡಿಯುವ ನೀರನ್ನು ತುಂಬತಕ್ಕದ್ದು.

ಇಷ್ಟು ಓದಿದ ಪೋಷಕರು, ಕಪಿಲೆಯ ದಡದ ನಮಗೆ ಇದರಿಂದೇನು ಎಂದು ಕೇಳಬಹುದು. ಮುನ್ಸೂಚನೆ ಬಂದ ಶನಿವಾರವೇ ತೊಟ್ಟಿಯನ್ನು ತುಂಬಿಟ್ಟುದರಿಂದ ಐದು ಜನರೂ ಒಂದು ಹಸುಗೂಸೂ ಬಾಯಾರದೆ ಉಳಿದರು. ಅಣೆಕಟ್ಟಿನಿಂದ ನೀರು ಬಿಡುವರೆಂಬ ಸುದ್ದಿ ಕೇಳಿದ ದಿನವೇ ಕುಡಿಯುವ ನೀರನ್ನೂ ಔಷಧವನ್ನೂ ಮಕ್ಕಳ ಪುಸ್ತಕಗಳನ್ನೂ ಎತ್ತರದಲ್ಲಿಡುವ ನಮ್ಮ ತಗ್ಗುಬೀದಿಯ ತಾಯಂದಿರು ಮಾಡುವುದೂ ಅದನ್ನೇ. ಮಾರನೆಯ ದಿನ ನೋಡೋಣವೆಂದವರಿಗೆ ಚಳಿಯೂ ಕಾಯುವುದಿಲ್ಲ, ಹೊಳೆಯೂ ಕಾಯುವುದಿಲ್ಲ.

ತಾಯಿಯವರು ಈಗ ನರಸೀಪುರದ ಮನೆಯಲ್ಲಿಯೇ ಇದ್ದಾರೆ. ಪ್ರತಿ ಚಳಿಗಾಲದಲ್ಲಿಯೂ ಅವರಿಗೆ ಒಂದು ಕಾಗದ ಬರುವುದು. ಕಳೆದ ಸಲದ್ದರಲ್ಲಿ ಹೀಗಿದ್ದಿತು: "ಅಜ್ಜಿ, ಗಾಡಿಯ ನೀರು ಎಲ್ಲಾ ತೆಗೆದೆವು. ಗುಲಾಬಿ ನೀರು ಹಾಕಿದೆವು. ಕೆಂಡ ಇಟ್ಟಿಲ್ಲ." ಅಕ್ಷರಗಳು ಡೊಂಕಾಗಿದ್ದುವು, ಎರಡು ಒತ್ತಕ್ಷರಗಳು ತಪ್ಪಿದ್ದುವು, ಅವನ್ನು ತಿದ್ದಲು ತಾಯಿಯವರು ನಮಗೆ ಬಿಡಲಿಲ್ಲ.

ಬೀರುವಿನ ಮೇಲಿನ ಆ ಏಳು ಸಾಲುಗಳ ಪ್ರತಿಯೊಂದನ್ನು ನಮ್ಮ ಶಾಲೆಯ ವಿಜ್ಞಾನದ ಕೋಣೆಯಲ್ಲಿ ತೂಗುಹಾಕಿದ್ದೇವೆ. ಶೀತದೇಶಗಳಿಗೆ ಹೊರಡುವ ಹಳೆಯ ವಿದ್ಯಾರ್ಥಿನಿಯರೂ ಅವರನ್ನು ನೋಡಲು ಹೋಗುವ ತಾಯಿತಂದೆಯರೂ ಶಾಲೆಯ ವೇಳೆಯಲ್ಲಿ ಬಂದು ಬರೆದುಕೊಂಡು ಹೋಗಬಹುದು.